ಎಡೆಕುಂಟೆಯ ಜಾಗಕ್ಕೆ 7 ಎಚ್‌ಪಿ ಪವರ್ ವೀಡರ್: ಗೋವಿನಜೋಳಕ್ಕೆ ಸೈ, ಅಡಿಕೆ ತೋಟಕ್ಕೆ ಅಳತೆ ಬೇಕು

ದಾವಣಗೆರೆ, ಚನ್ನಗಿರಿ, ಹೊಳಲ್ಕೆರೆ ಕಡೆ ಯಂತ್ರದ ಅಂಗಡಿಗೆ ಹೋಗಿ ಪವರ್ ವೀಡರ್ (ಎತ್ತಿನ ಎಡೆಕುಂಟೆಯಂತೆ ಸಾಲಿನ ನಡುವಿನ ಕಳೆ ತೆಗೆಯುವ ಯಂತ್ರ) ಕೇಳಿದರೆ ಸಾಮಾನ್ಯವಾಗಿ ಮುಂದೆ ತಂದಿಡುವುದು 7 ಎಚ್‌ಪಿ ಪೆಟ್ರೋಲ್ ಮಷಿನ್. ಬಣ್ಣ, ಸ್ಟಿಕರ್ ಬೇರೆ ಇರಬಹುದು, ಒಳಗಿನ ಎಂಜಿನ್ ಹೆಚ್ಚಾಗಿ 170ಎಫ್ ಜಾತಿಯದು: 70 ಮಿ.ಮೀ ಬೋರ್ (ಸಿಲಿಂಡರ್‌ನ ಒಳ ಅಗಲ), 212 ಸಿಸಿ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಫೋರ್ ಸ್ಟ್ರೋಕ್. ಹಾಗಾಗಿ ಈ ವಿಮರ್ಶೆ ಒಂದು ಕಂಪನಿಯದಲ್ಲ, ಈ ಜಾತಿಯ ಮಷಿನ್‌ನದು. ಗೋವಿನಜೋಳದ ಸಾಲಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅಡಿಕೆ ತೋಟದಲ್ಲಿ ಮಾತ್ರ ಎಲ್ಲೆಂದರಲ್ಲಿ ಓಡಿಸಿದರೆ ಕಳೆಗಿಂತ ಮರಕ್ಕೇ ಹೆಚ್ಚು ಪೆಟ್ಟು.

ಕೊಳ್ಳುವಾಗ ಎಚ್‌ಪಿ ಎಷ್ಟು ಅಂತ ಕೇಳುವ ಮೊದಲು ಹಿಡಿಕೆಯ ಕ್ಲಚ್ ಲಿವರ್ ನೋಡಿ. ಕೈ ಬಿಟ್ಟ ಕೂಡಲೇ ಬ್ಲೇಡ್ ನಿಲ್ಲಬೇಕು. ಎಂಜಿನ್ ಆನ್ ಇದ್ದರೂ ಪರವಾಗಿಲ್ಲ, ರೋಟರ್ (ಬ್ಲೇಡ್ ಕೂರಿಸಿದ ತಿರುಗುವ ಭಾಗ) ತಿರುಗಬಾರದು. ಅಂಗಡಿಯಲ್ಲೇ ಸ್ಟಾರ್ಟ್ ಮಾಡಿಸಿ, ಮಷಿನ್ ಎತ್ತಿ ನಿಲ್ಲಿಸಿ, ನಾಲ್ಕೈದು ಸಲ ಹಿಡಿದು ಬಿಟ್ಟು ಪರೀಕ್ಷಿಸಿ. ನಿಧಾನಕ್ಕೆ ನಿಲ್ಲುತ್ತಿದ್ದರೆ ಕೇಬಲ್ ಅಥವಾ ಬೆಲ್ಟ್ ಸರಿಯಾಗಿ ಹೊಂದಿಸಿಲ್ಲ ಅಂತ ಅರ್ಥ. ಕೈ ನೋಯುತ್ತದೆ ಅಂತ ಈ ಲಿವರ್‌ಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿಬಿಡುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಎಡವಿ ಬಿದ್ದಾಗ ಕಾಲು ಉಳಿಸುವುದು ಅದೊಂದೇ.

ಮಾದರಿ ಎರಡು. ಚಕ್ರ ಬಿಚ್ಚಿ ಅದೇ ಶಾಫ್ಟ್‌ಗೆ ಬ್ಲೇಡ್ ಹಾಕುವುದು ಸೆಂಟರ್ ರೋಟರಿ. ಇದು ಹಗುರ, ಬದು ದಾಟಿಸುವುದು ಸುಲಭ. ಆದರೆ ಬ್ಲೇಡೇ ಮಷಿನ್ ಎಳೆಯುವುದರಿಂದ ಗಟ್ಟಿ ನೆಲದಲ್ಲಿ ಮುಂದಕ್ಕೆ ಜಿಗಿಯುತ್ತದೆ. ಮುಂದೆ ಚಕ್ರ, ಹಿಂದೆ ರೋಟರ್ ಇರುವುದು ಬ್ಯಾಕ್ ರೋಟರಿ. ಸಾಲು ಬಿಡದೆ ನೆಟ್ಟಗೆ ಹೋಗುತ್ತದೆ, ಆದರೆ ಭಾರ ಹೆಚ್ಚು, ಬ್ಲೇಡ್ ನಿಮ್ಮ ಪಾದಕ್ಕೆ ಹತ್ತಿರ. ಎರಡರಲ್ಲೂ ಬ್ಲೇಡ್ ಮೇಲಿನ ತಗಡಿನ ಗಾರ್ಡ್ ಬಿಚ್ಚಲೇಬಾರದು. ಎರೆಮಣ್ಣು ಮೆತ್ತುತ್ತದೆ ಅಂತ ಬಿಚ್ಚಿಟ್ಟರೆ ಚಿತ್ರದುರ್ಗದ ಕಡೆಯ ಬೆಣಚುಕಲ್ಲಿನ ಹೊಲದಲ್ಲಿ ಕಲ್ಲು ನೇರ ಮೊಣಕಾಲಿಗೆ ಬಂದು ಬಡಿಯುತ್ತದೆ. ಮಕ್ಕಳು, ದನ, ಸಾಲಿನಲ್ಲಿ ಕೆಲಸ ಮಾಡುವ ಆಳುಗಳು ಕನಿಷ್ಠ 10 ಮೀಟರ್ ದೂರದಲ್ಲಿರಲಿ.

ಹೊಸ ಮಷಿನ್‌ನಲ್ಲಿ ಎಂಜಿನ್ ಆಯಿಲ್ ಇರುತ್ತದೆ ಅಂದುಕೊಳ್ಳಬೇಡಿ, ಬಹಳಷ್ಟು ಖಾಲಿಯೇ ಬರುತ್ತವೆ. 10ಡಬ್ಲ್ಯು-30 ಆಯಿಲ್ ಸುಮಾರು 600 ಮಿ.ಲೀ ಹಿಡಿಯುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಯಿಲ್ ಅಳೆಯುವ ಕಡ್ಡಿ ಒರೆಸಿ, ಅದರ ಮರೆ (ಥ್ರೆಡ್) ತಿರುಗಿಸದೆ ಸುಮ್ಮನೆ ಒಳಗಿಟ್ಟು ತೆಗೆದು ಅಳತೆ ನೋಡಬೇಕು. ತಿರುಗಿಸಿ ನೋಡಿದರೆ ಕಡಿಮೆ ಇದ್ದದ್ದೂ ಸಾಕಷ್ಟಿದೆ ಅಂತ ಕಾಣುತ್ತದೆ. ಮೊದಲ 20 ಗಂಟೆಗೆ ಆಯಿಲ್ ಬದಲಿಸಿ, ಆಮೇಲೆ 100 ಗಂಟೆಗೊಮ್ಮೆ. ಗೇರ್‌ಬಾಕ್ಸ್ ಆಯಿಲ್ ಬೇರೆ. ಅದರ ಅಳತೆ ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಪುಸ್ತಕದಲ್ಲಿ ಹೇಳಿದಷ್ಟೇ ಹಾಕಿ. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ತಾನೇ ಬಂದ್ ಆಗುವ ಸೆನ್ಸರ್ ಇದೆ. ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ನಿಂತರೆ ಸ್ಪಾರ್ಕ್ ಪ್ಲಗ್ ಬಿಚ್ಚುವ ಮೊದಲು ಆಯಿಲ್ ನೋಡಿ.

ಈಗ ಗೋವಿನಜೋಳ. ಸಾಲಿನಿಂದ ಸಾಲಿಗೆ 60 ಸೆಂ.ಮೀ ಇದ್ದರೆ ಎಕರೆಗೆ ಸುಮಾರು 6.7 ಕಿಲೋಮೀಟರ್ ನಡಿಗೆ. ತಿರುವು, ವಿರಾಮ ಸೇರಿ ನಾಲ್ಕು ಗಂಟೆ ಹಿಡಿಯಿರಿ. ಪೆಟ್ರೋಲ್ ಗಂಟೆಗೆ ಸುಮಾರು 1 ಲೀಟರ್, ಗಟ್ಟಿ ಎರೆಯಲ್ಲಿ ಅದಕ್ಕೂ ಜಾಸ್ತಿ. ಪೂರ್ತಿ ಬ್ಲೇಡ್ ಸೆಟ್ ಹಾಕಿದರೆ ಈ ಸಾಲಿಗೆ ಹಿಡಿಸುವುದಿಲ್ಲ. ಹೊರಗಿನ ಸೆಟ್ ಬಿಚ್ಚಿ ಅಗಲವನ್ನು 40 ಸೆಂ.ಮೀ ಆಸುಪಾಸಿಗೆ ಇಳಿಸಬೇಕು. ಬಿತ್ತಿದ 20ರಿಂದ 25 ದಿನಕ್ಕೆ ಮೊದಲ ಎಡೆ ಹೊಡೆಯಲು ಇದು ಹೇಳಿ ಮಾಡಿಸಿದ ಮಷಿನ್. ಎರಡನೇ ಸಲಕ್ಕೆ ಬೇರು ಸಾಲಿನ ನಡುವೆ ಚಾಚಿರುತ್ತದೆ, ಆಗ ಎರಡು ಇಂಚಿಗಿಂತ ಆಳ ಬೇಡ. ಆಳ ಹಿಡಿದರೆ ಬೆಳೆ ಎರಡು ದಿನ ಬಾಡಿ ನಿಲ್ಲುತ್ತದೆ. ಯೂರಿಯಾ ಹಾಕಿ ರಿಡ್ಜರ್‌ನಿಂದ ಮಣ್ಣು ಏರಿಸುವುದಾದರೆ ರೋಟರ್ ಆಟವೇ ಬೇಡ.

ಆಳ ಹಿಡಿಯುವುದು ಹಿಂದೆ ನೆಲಕ್ಕೆ ಊರುವ ಕಬ್ಬಿಣದ ಪಟ್ಟಿಯಿಂದ, ಅಂದರೆ ಡೆಪ್ತ್ ಬಾರ್‌ನಿಂದ, ತೋಳಿನ ಬಲದಿಂದಲ್ಲ. ಬಾರ್ ಕೆಳಗಿಳಿಸಿದಷ್ಟೂ ಮಷಿನ್ ನಿಧಾನವಾಗಿ ಆಳಕ್ಕೆ ಹೋಗುತ್ತದೆ. ಜಿಗಿಯುತ್ತಿದ್ದರೆ ಬಾರ್ ಒಂದು ತೂತು ಕೆಳಗಿಳಿಸಿ, ಆಕ್ಸಿಲರೇಟರ್ ಕಡಿಮೆ ಮಾಡಿ. ಅದಾದರೂ ಜಿಗಿದರೆ ಬ್ಲೇಡ್ ಎಡಬಲ ಅದಲುಬದಲಾಗಿದೆಯೇ ನೋಡಿ. ಹರಿತದ ಅಂಚು ಮುಂದಕ್ಕಿರಬೇಕು. ತಿರುಗುಮುರುಗು ಹಾಕಿದರೂ ಮಷಿನ್ ಓಡುತ್ತದೆ, ಆದರೆ ಬ್ಲೇಡಿನ ಬೆನ್ನು ನೆಲಕ್ಕೆ ಬಡಿಯುತ್ತದೆ. ಮಳೆ ಬಂದ ಮರುದಿನವೇ ಎರೆಭೂಮಿಗೆ ಇಳಿಸಬೇಡಿ. ಮಣ್ಣು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು, ಉಂಡೆಯಾಗಿ ಅಂಟಿಕೊಂಡರೆ ಇನ್ನೂ ಹದವಾಗಿಲ್ಲ.

ಗರಿಕೆ, ಜೇಕು ಹಬ್ಬಿದ ಹೊಲಕ್ಕೆ ಈ ಮಷಿನ್ ಶಿಫಾರಸು ಮಾಡುವುದಿಲ್ಲ. ರೋಟರ್ ಗರಿಕೆಯ ಬಳ್ಳಿಯನ್ನು ಗಿಣ್ಣು ಗಿಣ್ಣಾಗಿ ಕತ್ತರಿಸಿ ಹೊಲದ ತುಂಬ ಬಿತ್ತುತ್ತದೆ, ಒಂದೊಂದು ಗಿಣ್ಣೂ ಚಿಗುರುತ್ತದೆ. ಅಲ್ಲಿ ಎತ್ತಿನ ಕುಂಟೆಯೇ ವಾಸಿ, ಬೇರು ಸಮೇತ ಎಳೆದು ಮೇಲೆ ಹಾಕುತ್ತದೆ.

ಅಡಿಕೆಗೆ ಬರೋಣ. 9 ಅಡಿಗೆ 9 ಅಡಿ ನೆಟ್ಟ ತೋಟದಲ್ಲಿ ಎಕರೆಗೆ 530ರ ಮೇಲೆ ಮರ. ಅಡಿಕೆಯ ಉಣ್ಣುವ ಬೇರು ಮೇಲ್ಮಣ್ಣಿನಲ್ಲೇ ಬುಡದ ಸುತ್ತ ಹರಡಿರುತ್ತದೆ. ಆದ್ದರಿಂದ ಎರಡೂ ಕಡೆ ಬುಡದಿಂದ ಎರಡೂವರೆ ಅಡಿ ಬಿಡಿ. ಉಳಿಯುವ ನಾಲ್ಕು ಅಡಿ ಪಟ್ಟಿಗೆ ಎರಡು ಅಡಿ ಅಗಲದ ಎರಡು ಓಟ ಸಾಕು, ಅದೂ ಮೇಲೆ ಮೇಲೆ. ಬುಡದ ಸುತ್ತ ಕೈಯಿಂದಲೇ ಕಳೆ ತೆಗೆಯಬೇಕು. ಇಳಿಯುವ ಮೊದಲು ಡ್ರಿಪ್ ಪೈಪ್ ಎತ್ತಿ ಮರಕ್ಕೆ ಸಿಕ್ಕಿಸಿ, ಬಿದ್ದ ಸೋಗೆ, ಹಾಳೆ ಆರಿಸಿ ಬದಿಗೆ ಹಾಕಿ. ವರ್ಷಪೂರ್ತಿ ಹುಲ್ಲು ಕೊಯ್ದರೆ ಸಾಕು ಅನ್ನುವ ತೋಟಕ್ಕೆ ಬ್ರಷ್ ಕಟರ್ ಇದಕ್ಕಿಂತ ಒಳ್ಳೆಯದು.

ಅಡಿಕೆ ತೋಟದ ನಿಜವಾದ ಅಪಾಯ ರಿವರ್ಸ್ ಗೇರ್. ಹಿಂದಕ್ಕೆ ಬರುವ ಮಷಿನ್‌ಗೂ ಹಿಂದಿನ ಮರಕ್ಕೂ ನಡುವೆ ಮನುಷ್ಯ ಸಿಕ್ಕಿಕೊಳ್ಳುತ್ತಾನೆ, ಕೆಳಗೆ ಬ್ಲೇಡ್ ಕಾಲಿನ ಕಡೆ ಬರುತ್ತಿರುತ್ತದೆ. ತಿರುಗಿಸುವಾಗ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಇಳಿಸಿ, ಹಿಡಿಕೆ ಒತ್ತಿ ಕೈಯಿಂದಲೇ ತಿರುಗಿಸಿ. ಬ್ಯಾಕ್ ರೋಟರಿಯಲ್ಲಿ ರಿವರ್ಸ್ ಹಾಕಲೇಬೇಕಾದರೆ ಮೊದಲು ರೋಟರ್‌ನ ಗೇರ್ ಬಿಡಿಸಿ, ಹಿಂದೆ ಹತ್ತು ಹೆಜ್ಜೆ ಖಾಲಿ ಇದೆಯೇ ನೋಡಿ. ಲುಂಗಿ, ಹೆಗಲ ಮೇಲಿನ ಟವೆಲ್, ಹವಾಯಿ ಚಪ್ಪಲಿ ಬೇಡ. ಪ್ಯಾಂಟ್, ಗಟ್ಟಿ ಬೂಟು, ಕಿವಿಗೆ ಇಯರ್ ಪ್ಲಗ್ ಇರಲಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿದರೆ ಕೈ ಜೋಮು ಹಿಡಿಯುವುದಿಲ್ಲ.

ರೋಟರ್‌ಗೆ ಏನಾದರೂ ಸುತ್ತಿಕೊಂಡರೆ ಎಂಜಿನ್ ಬಂದ್ ಮಾಡಿ, ಪ್ಲಗ್ ಕ್ಯಾಪ್ ಕಿತ್ತು ಪಕ್ಕಕ್ಕಿಟ್ಟು, ಆಮೇಲೆ ಕುಡುಗೋಲಿನಿಂದ ಬಿಡಿಸಿ. ಗೊಬ್ಬರದ ಚೀಲದ ದಾರ, ಡ್ರಿಪ್ ಪೈಪ್ ತುಂಡು, ಹುಲ್ಲು ಶಾಫ್ಟ್‌ನ ಬುಡಕ್ಕೆ ಸುತ್ತಿ ಆಯಿಲ್ ಸೀಲ್ ಕೊಯ್ಯುತ್ತವೆ. ಸೀಲ್ ಹೋದರೆ ಗೇರ್‌ಬಾಕ್ಸ್ ಆಯಿಲ್ ಸದ್ದಿಲ್ಲದೆ ಸೋರುತ್ತದೆ, ಒಳಗೆ ಮಣ್ಣು ಸೇರುತ್ತದೆ, ಕೊನೆಗೆ ಗೇರ್ ಹಲ್ಲೇ ಹೋಗುತ್ತದೆ. ಸಣ್ಣ ಸೀಲ್ ಉಳಿಸಲು ಗಂಟೆಗೊಮ್ಮೆ ಬಗ್ಗಿ ನೋಡಿದರೆ ಸಾಕು. ಬ್ಲೇಡ್ ಬೋಲ್ಟ್‌ಗಳನ್ನು ದಿನಾ ಬೆಳಿಗ್ಗೆ ಬಿಗಿ ಮಾಡಿ. ಸವೆದ ಬ್ಲೇಡ್‌ಗಳ ನಡುವೆ ಒಂದೇ ಹೊಸದು ಹಾಕಿದರೆ ಮಷಿನ್ ನಡುಗುತ್ತದೆ, ಬದಲಿಸುವುದಾದರೆ ಸೆಟ್ ಪೂರ್ತಿ.

ಬೇಸಿಗೆ ಧೂಳಿನಲ್ಲಿ ಏರ್ ಫಿಲ್ಟರ್ ದಿನವೂ ಬಿಚ್ಚಿ ನೋಡಿ. ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಂಜಿನ್ ಆಯಿಲ್‌ನಲ್ಲಿ ಅದ್ದಿ ಹಿಂಡಿ ಹಾಕಬೇಕು. ಒಣ ಸ್ಪಂಜು ಎರೆಯ ಸಣ್ಣ ಧೂಳನ್ನು ತಡೆಯುವುದಿಲ್ಲ, ಪಿಸ್ಟನ್ ರಿಂಗ್ ಸವೆದು ಹೊಗೆ ಶುರುವಾಗುತ್ತದೆ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ. ಪೆಟ್ರೋಲ್ ತುಂಬುವ ಮೊದಲು ಎಂಜಿನ್ ಆರಲಿ, ಸೈಲೆನ್ಸರ್ ಮೇಲೆ ಚೆಲ್ಲಿದರೆ ಒಣ ರವದಿಗೂ ಬೆಂಕಿ.

ಮುಂಗಾರು ಮುಗಿದ ಮೇಲೆ ತಿಂಗಳುಗಟ್ಟಲೆ ನಿಲ್ಲಿಸುವಾಗಲೇ ಹೆಚ್ಚು ಮಷಿನ್ ಹಾಳಾಗುವುದು. ಈಗಿನ ಪೆಟ್ರೋಲ್‌ನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಂಡು ಕಾರ್ಬುರೇಟರ್ ತಳದಲ್ಲಿ ನೀರು, ಕಿಲುಬು ಕಟ್ಟುತ್ತದೆ. ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಕೆಳಗಿನ ಬೋಲ್ಟ್ ಬಿಚ್ಚಿ ಬಟ್ಟಲಿನ ಪೆಟ್ರೋಲನ್ನೂ ಇಳಿಸಿ. ಪ್ಲಗ್ ತೆಗೆದು ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಹಗ್ಗ ಎರಡು ಸಲ ನಿಧಾನಕ್ಕೆ ಎಳೆದು, ಪ್ಲಗ್ ಹಾಕಿ, ಹಗ್ಗ ಬಿಗಿಯಾಗುವ ಜಾಗದಲ್ಲಿ ನಿಲ್ಲಿಸಿ. ಆಗ ವಾಲ್ವ್ ಎರಡೂ ಮುಚ್ಚಿರುತ್ತವೆ, ತೇವ ಒಳಗೆ ಹೋಗುವುದಿಲ್ಲ. ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿದರೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾದರೆ ಪೆಟ್ರೋಲ್ ಕುಡಿಯುವುದು ನಿಲ್ಲುವುದೇ ಇಲ್ಲ.

ಸಹಾಯಧನಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದ ಮೇಲೇ ಅಂಗಡಿಗೆ ದುಡ್ಡು ಕಟ್ಟಿ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಕೈಯಲ್ಲಿರಲಿ. ಬಿಲ್‌ನಲ್ಲಿ ಎಂಜಿನ್ ನಂಬರ್ ಬರೆಸಿ. ಜೊತೆಗೆ ಒಂದು ಕ್ಲಚ್ ಕೇಬಲ್, ಎರಡು ಆಯಿಲ್ ಸೀಲ್, ಒಂದು ಬ್ಲೇಡ್ ಸೆಟ್ ಅದೇ ದಿನ ತನ್ನಿ. ಈ ಮೂರು ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.