ಪಾಪು, ನಾಯಿ ಎರಡೂ ಇರುವ ಮನೆಗೆ ಸೇಫ್ಟಿ ಗೇಟ್: ಬಳಸಿದವರ ಮಾತು

ಅಂಬೆಗಾಲಿಡುವ ಮಗುವೂ ನಾಯಿಯೂ ಇರುವ ಮನೆಯವರು ಕಣ್ಣುಮುಚ್ಚಿ ಒಂದು ಗೇಟ್ ತಗೊಳ್ಳಿ. ನಮ್ಮದು ಆನ್‌ಲೈನ್‌ನಲ್ಲಿ ಸಿಗುವ ಕಬ್ಬಿಣದ ಗೇಟ್, ಎತ್ತರ ಸುಮಾರು 76 ಸೆಂ.ಮೀ. ಗೋಡೆ ಕೊರೆಯುವುದೇ ಬೇಡ, ನಾಲ್ಕು ಮೂಲೆಯ ಬೋಲ್ಟ್ ತಿರುಗಿಸಿದರೆ ಬಾಗಿಲ ಚೌಕಟ್ಟಿಗೆ ಒತ್ತಿಕೊಂಡು ನಿಲ್ಲುತ್ತದೆ. ಬಾಡಿಗೆ ಮನೆಯವರಿಗೆ ಇದೇ ದೊಡ್ಡ ಅನುಕೂಲ ಅಲ್ವಾ?

ಮಗುವನ್ನು ಕಾಪಾಡಲು ಗೇಟ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಜಾಸ್ತಿ ಬೇಕಿರುವುದು ನಾಯಿಗೆ. ನಮ್ಮ ಕರಿಯ ಬೀದಿಯಿಂದ ಬಂದವನು, ತುಂಬಾ ಸಾಧು. ಆದರೂ ಮಗಳು ತೆವಳಿಕೊಂಡು ಅವನ ತಟ್ಟೆ ಹತ್ತಿರ ಹೋದರೆ ತಿನ್ನುವುದು ಬಿಟ್ಟು ಮೈ ಬಿಗಿ ಹಿಡಿದು ನಿಲ್ಲುತ್ತಿದ್ದ, ತುಟಿ ನೆಕ್ಕಿಕೊಳ್ಳುತ್ತಿದ್ದ, ಮುಖ ಆಚೆ ತಿರುಗಿಸಿ ಓರೆಗಣ್ಣಲ್ಲಿ ನೋಡುವಾಗ ಕಣ್ಣಿನ ಬಿಳಿ ಕಾಣುತ್ತಿತ್ತು. ‘ಹತ್ತಿರ ಬರಬೇಡ’ ಅಂತ ನಾಯಿ ಹೇಳುವುದೇ ಹೀಗೆ. ಇದಾದ ಮೇಲೂ ಮಗು ಬಿಡದಿದ್ದರೆ ಗುರ್ ಅನ್ನುತ್ತದೆ. ಆಗ ದಯವಿಟ್ಟು ನಾಯಿಗೆ ಹೊಡೆಯಬೇಡಿ, ಮಗುವನ್ನು ಎತ್ತಿಕೊಳ್ಳಿ. ಗುರ್ ಅಂದಿದ್ದಕ್ಕೆ ಏಟು ತಿಂದ ನಾಯಿ ಮುಂದೆ ಸುಳಿವೇ ಕೊಡದೆ ಕಚ್ಚಬಹುದು.

ಈಗ ಅವನ ಊಟ, ನಿದ್ದೆ ಎಲ್ಲ ಗೇಟಿನ ಆಚೆ, ಯುಟಿಲಿಟಿಯಲ್ಲಿ. ಮಗಳು ಸರಳು ಹಿಡಿದು ನಿಂತು ಅವನನ್ನು ಕೂಗುತ್ತಾಳೆ, ಅವನು ಬೇಕಾದರೆ ಬಂದು ಮೂಸುತ್ತಾನೆ, ಬೇಡವಾದರೆ ಮಲಗಿಯೇ ಬಾಲ ಆಡಿಸುತ್ತಾನೆ. ಎದ್ದು ಬರುವುದೋ ಬೇಡವೋ ಅವನಿಗೆ ಬಿಟ್ಟಿದ್ದು. ನನಗೆ ಇದಕ್ಕಿಂತ ಸಮಾಧಾನ ಬೇರೆ ಇಲ್ಲ. ಹಾಗಂತ ಗೇಟ್ ತೆಗೆದಿರುವಾಗ ಇಬ್ಬರನ್ನೇ ಬಿಟ್ಟು ಒಳಗೆ ಹೋಗುವುದಿಲ್ಲ, ಒಂದು ನಿಮಿಷಕ್ಕೂ.

ದೂರುಗಳೂ ಇವೆ. ಹೊಸ್ತಿಲಿರುವ ಬಾಗಿಲಿಗೆ ಇದು ಸರಿಯಾಗಿ ಕೂರುವುದಿಲ್ಲ, ಕೆಳಗಿನ ಬೋಲ್ಟ್‌ಗೆ ಆನಿಕೆ ಸಿಗದೆ ಗೇಟ್ ವಾಲುತ್ತದೆ, ವಾಲಿದರೆ ತಾನಾಗಿ ಮುಚ್ಚಿಕೊಳ್ಳುವುದೂ ನಿಲ್ಲುತ್ತದೆ. ಕೆಳಗಿನ ಅಡ್ಡಪಟ್ಟಿ ರಾತ್ರಿ ಕಾಲಿಗೆ ಎಡವುತ್ತದೆ. ಬಟನ್ ಒತ್ತಿಕೊಂಡೇ ಮೇಲಕ್ಕೆತ್ತಿ ತೆಗೆಯಬೇಕು, ಬೆರಳು ನೋವಿರುವ ನಮ್ಮತ್ತೆಗೆ ಅದು ದಿನಾ ಕಷ್ಟ. ಬೋಲ್ಟ್ ಆಗಾಗ ಸಡಿಲವಾಗುತ್ತದೆ, ಅಲ್ಲಾಡಿಸಿ ನೋಡುತ್ತಿರಬೇಕು.

ಮೆಟ್ಟಿಲ ಮೇಲಿನ ತುದಿಗೆ ಮಾತ್ರ ಇದನ್ನು ಹಾಕಲೇಬೇಡಿ. ಮಗು ಜೋರಾಗಿ ತಳ್ಳಿದರೆ ಗೇಟ್ ಸಮೇತ ಕೆಳಗೆ ಬೀಳುತ್ತದೆ. ಅಲ್ಲಿಗೆ ಗೋಡೆಗೆ ಸ್ಕ್ರೂ ಹಾಕುವ ಗೇಟೇ ಬೇಕು. ಮುಧೋಳ ನಾಯಿ ಇದ್ದರೂ ಈ ಎತ್ತರ ಸಾಲದು, ಅದು ಸಲೀಸಾಗಿ ಹಾರಿಬಿಡುತ್ತದೆ. ಮಗುವಿಗೆ ಎರಡು ವರ್ಷ ತುಂಬಿದ ಮೇಲೆ ಹತ್ತಲು ಶುರು ಮಾಡುತ್ತದೆ, ಅಲ್ಲಿಗೆ ಗೇಟಿನ ಕೆಲಸ ಮುಗಿಯಿತು.

ಬೆಲೆಗೆ ಮೋಸವಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಆರ್ಡರ್ ಮಾಡುವ ಮುಂಚೆ ಬಾಗಿಲ ಅಗಲವನ್ನು ಮೇಲೆ, ಕೆಳಗೆ ಎರಡು ಕಡೆ ಅಳೆಯಿರಿ, ಹಳೇ ಮನೆಗಳಲ್ಲಿ ಎರಡೂ ಒಂದೇ ಇರುವುದಿಲ್ಲ.