20 ನಿಮಿಷ ನೀರು ಬಂತು ಅಂತ ಬೋರ್‌ವೆಲ್ ನಂಬಿ ಮನೆ ಕೊಳ್ಳಬೇಡಿ

ತುಮಕೂರಿನ ಅಂಚಿನಲ್ಲಿ ನಾವು ಮನೆ ಕೊಂಡಿದ್ದು ಅಕ್ಟೋಬರ್‌ನಲ್ಲಿ. ಆ ವರ್ಷ ಮಳೆ ಚೆನ್ನಾಗಿತ್ತು. ಮಾರುವವರು ಮೋಟಾರ್ ಹಾಕಿ 20 ನಿಮಿಷ ನೀರು ಬಿಟ್ಟು ತೋರಿಸಿದರು. ಪೈಪ್ ತುಂಬ ಧೋ ಅಂತ ನೀರು. ಅಮ್ಮ ಬೊಗಸೆಯೊಡ್ಡಿ ಕುಡಿದು ಸಿಹಿ ಇದೆ ಅಂದರು. ಅವತ್ತೇ ಮುಂಗಡ ಕೊಟ್ಟೆವು.

ಫೆಬ್ರವರಿ ಕೊನೆಗೆ ಪೈಪ್‌ನಲ್ಲಿ ನೀರಿನ ಜೊತೆ ಗಾಳಿ ಬರತೊಡಗಿತು. ಸಂಪ್ ತುಂಬಲಿ ಅಂತ ಮೋಟಾರ್ ಹಾಗೇ ಬಿಟ್ಟೆ. ನೀರಿಲ್ಲದೆ ಓಡಿ ಮೋಟಾರಿನ ಕಾಯಿಲ್ ಸುಟ್ಟುಹೋಯಿತು.

ಮೋಟಾರ್ ಎತ್ತಲು ಬಂದ ಮೆಕ್ಯಾನಿಕ್ ಹೇಳಿದ ಲೆಕ್ಕ ನಮಗೆ ಮೊದಲೇ ಗೊತ್ತಿರಬೇಕಿತ್ತು. ಆರೂವರೆ ಇಂಚಿನ ಬೋರಿನಲ್ಲಿ ಒಂದೊಂದು ಅಡಿಗೂ ಸುಮಾರು 6.5 ಲೀಟರ್ ನೀರು ನಿಲ್ಲುತ್ತದೆ. ಮಳೆಗಾಲ ಮುಗಿದಾಗ ಮೋಟಾರಿನ ಮೇಲೆ 300 ಅಡಿ ನೀರಿದ್ದರೆ ಅದೇ 1,950 ಲೀಟರ್ ಆಯಿತು. ನಿಮಿಷಕ್ಕೆ 40 ಲೀಟರ್ ಎತ್ತಿದರೂ 20 ನಿಮಿಷಕ್ಕೆ ಹೋಗುವುದು 800. ಅಂದರೆ ನಾವು ನೋಡಿ ಖುಷಿಪಟ್ಟಿದ್ದು ನಿಂತ ನೀರನ್ನು. ಬಂಡೆಯ ಬಿರುಕಿನಿಂದ ಎಷ್ಟು ಊರುತ್ತದೆ ಅಂತ ನೋಡಲೇ ಇಲ್ಲ. ನಿಂತ ನೀರೇ ಬೇರೆ, ಊರುವ ನೀರೇ ಬೇರೆ, ಅಲ್ವಾ?

ಇದನ್ನು ನೋಡುವುದು ಕಷ್ಟವೇನಲ್ಲ, ತಾಳ್ಮೆ ಬೇಕು ಅಷ್ಟೇ. ಮೋಟಾರ್ ಹಾಕಿ, ಗಾಳಿ ಬರುವವರೆಗೂ ನೀರು ಎತ್ತಿಸಿ. ಎರಡು ಮೂರು ಗಂಟೆ ಹಿಡಿದರೂ ಅಲ್ಲೇ ನಿಂತಿರಿ. ಗಾಳಿ ಬಂದ ತಕ್ಷಣ ಆಫ್ ಮಾಡಿ, ತಡಮಾಡಿದರೆ ನಮ್ಮ ಮೋಟಾರಿನ ಗತಿಯೇ. ಸರಿಯಾಗಿ 1 ಗಂಟೆ ಬಿಟ್ಟು ಮತ್ತೆ ಹಾಕಿ. ಈ ಸಲ ಬರುವ ನೀರನ್ನು ಬಕೆಟ್ ಲೆಕ್ಕದಲ್ಲಿ ಎಣಿಸಿ. ಆ ಒಂದು ಗಂಟೆಯಲ್ಲಿ ಊರಿದ ನೀರು ಅದು. ಮಾರುವವರು ಕರೆಂಟ್ ಇಲ್ಲ, ಸುಮ್ನೆ ನೀರು ಪೋಲು ಅಂತೆಲ್ಲ ಹೇಳಿದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ಎತ್ತಿದ ನೀರನ್ನು ಸಂಪ್‌ಗೋ ಗಿಡಕ್ಕೋ ಬಿಡಬಹುದು.

ಹೊಸ ಮೋಟಾರ್ ಇಳಿಸಿದ ಮೇಲೆ ನಾವೂ ಹೀಗೇ ನೋಡಿದೆವು. 20 ಲೀಟರಿನ ಎರಡನೇ ಬಕೆಟ್ ತುಂಬುವ ಮೊದಲೇ ಗಾಳಿ ಬಂತು. ದಿನಪೂರ್ತಿ ಊರಿದರೂ 960 ಲೀಟರ್ ದಾಟಲ್ಲ. ಬಾಡಿಗೆಯವರೂ ಸೇರಿ ಮನೆಯಲ್ಲಿ 8 ಜನ ಇದ್ದೇವೆ.

ಆದರೆ ಬೇಸಿಗೆಯಲ್ಲೇ ಹೋಗಿ ನೋಡಿ. ಆಗದಿದ್ದರೆ ಅಕ್ಕಪಕ್ಕದವರನ್ನಾದರೂ ಕೇಳಿ, ಏಪ್ರಿಲ್‌ನಲ್ಲಿ ಈ ಮನೆಗೆ ಟ್ಯಾಂಕರ್ ಬರುತ್ತಿತ್ತಾ ಅಂತ. ನಾವು ಕೇಳಲಿಲ್ಲ. ಎದುರು ಮನೆಯವರಿಗೆ ಗೊತ್ತಿತ್ತು.