ಒಳಬೆಳೆದ ಉಗುರಿಗೆ ಸಣ್ಣ ಶಸ್ತ್ರಚಿಕಿತ್ಸೆ: ನಾಲ್ಕು ತಿಂಗಳ ನಂತರದ ಅಭಿಪ್ರಾಯ

ಕಾಲಿನ ಹೆಬ್ಬೆರಳಿನ ಉಗುರಿನ ಅಂಚು ಪಕ್ಕದ ಮಾಂಸದೊಳಗೆ ಇಳಿದು ಮೂರನೆಯ ಬಾರಿ ಕೀವು ತುಂಬಿದಾಗ ನಾನು ಒಂದು ಚಿಕಿತ್ಸಾಲಯದಲ್ಲಿ ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಗಾಯ ಪೂರ್ತಿ ಮಾಗಿರುವುದರಿಂದ ಅಲ್ಲಿನ ಸೇವೆಯ ಬಗ್ಗೆ ಈಗ ಬರೆಯಬಹುದು.

ಮನೆಯ ಆರೈಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಿನಕ್ಕೆ ಮೂರು ಬಾರಿ 15 ನಿಮಿಷ ಪಾದವನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟು, ಚರ್ಮ ಮೆತ್ತಗಾದ ಮೇಲೆ ಉಗುರಿನ ಅಂಚಿನಡಿ ಹತ್ತಿಯ ಸಣ್ಣ ಎಳೆಯನ್ನು ತೂರಿಸಿ, ಬೆರಳನ್ನು ಒತ್ತದ ಚಪ್ಪಲಿ ಹಾಕಿಕೊಂಡದ್ದರಿಂದ ಮೊದಲ ಬಾರಿ ನೋವು ಎರಡು ವಾರದಲ್ಲಿ ಇಳಿದಿತ್ತು. ಕೆಡಿಸಿಕೊಂಡದ್ದು ಆಮೇಲೆ. ಚುಚ್ಚುವ ಮೂಲೆಯನ್ನೇ ತೆಗೆದುಬಿಡೋಣವೆಂದು ನೇಲ್ ಕಟರನ್ನು ಆಳಕ್ಕೆ ಇಳಿಸಿದೆ. ಕಣ್ಣಿಗೆ ಕಾಣದಂತೆ ಒಳಗುಳಿದ ಚೂಪು ತುಣುಕು, ಉಗುರು ಬೆಳೆದಂತೆಲ್ಲ ಮುಳ್ಳಿನ ಹಾಗೆ ಮುಂದೆ ಸರಿದು, ಮುಟ್ಟಿದರೆ ರಕ್ತ ಒಸರುವ ಕೆಂಪು ಮಾಂಸ ಅದರ ಸುತ್ತ ಬೆಳೆಯಿತು.

ವೈದ್ಯರು ಉಗುರನ್ನು ನೋಡುವ ಮೊದಲೇ ಮಧುಮೇಹವಿದೆಯೇ, ಪಾದ ಜೋಮು ಹಿಡಿಯುತ್ತದೆಯೇ ಎಂದು ವಿಚಾರಿಸಿದ್ದು ನನಗೆ ಮೆಚ್ಚುಗೆಯಾಯಿತು, ಏಕೆಂದರೆ ಅಂಥವರಲ್ಲಿ ಇಷ್ಟು ಸಣ್ಣ ಗಾಯವೂ ಬೇಗ ಮಾಗದೆ ಅಪಾಯಕ್ಕೆ ತಿರುಗಬಹುದು. ಇಡೀ ಉಗುರನ್ನು ಕೀಳಬೇಕಾದೀತೆಂಬ ನನ್ನ ಅಂಜಿಕೆಯನ್ನೂ ಅವರು ಕಳೆದರು: ಬುಡ ಹಾಗೆಯೇ ಉಳಿದರೆ ಕಿತ್ತ ಉಗುರು ಹಿಂದಿನಂತೆಯೇ ಮಾಂಸಕ್ಕೆ ಇಳಿಯಬಹುದಾದ್ದರಿಂದ, ಅಂಚಿನ ಪಟ್ಟಿಯನ್ನಷ್ಟೇ ತೆಗೆದು ಆ ಭಾಗದ ಬುಡಕ್ಕೆ ಫೀನಾಲ್ ಎಂಬ ಸುಡುವ ರಾಸಾಯನಿಕ ಹಚ್ಚಿ ಅಲ್ಲಿ ಮತ್ತೆ ಉಗುರು ಹುಟ್ಟದಂತೆ ಮಾಡುತ್ತಾರೆ.

ಬೆರಳಿನ ಬುಡದ ಎರಡೂ ಬದಿಗೆ ಕೊಡುವ ಅರಿವಳಿಕೆಯ ಚುಚ್ಚುಮದ್ದು ಚೆನ್ನಾಗಿಯೇ ನೋಯಿಸುತ್ತದೆ. ಅದನ್ನು ಇರುವೆ ಕಚ್ಚಿದಂತೆ ಎನ್ನುವವರ ಮಾತು ನಂಬಬೇಡಿ. ಬೆರಳು ಮರಗಟ್ಟಿದ ಮೇಲೆ ಮಾತ್ರ ಎಳೆದಂತಾದದ್ದನ್ನು ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಹೊಲಿಗೆ ಇರಲಿಲ್ಲ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯಿತು, ಕುಂಟುತ್ತಲಾದರೂ ನಡೆದೇ ಹೊರಬಂದೆ. ಫೀನಾಲ್ ಆ ಜಾಗದ ನರದ ತುದಿಗಳನ್ನೂ ಮಂದಗೊಳಿಸುವುದರಿಂದ ರಾತ್ರಿಯ ನೋವಿಗೆ ಒಂದು ಮಾತ್ರೆ ಸಾಕಾಯಿತು.

ನನ್ನ ಆಕ್ಷೇಪ ಇರುವುದು ನಂತರದ ಮಾಹಿತಿಯ ಬಗ್ಗೆ. ಫೀನಾಲ್ ಹಚ್ಚಿದ ಜಾಗ ಒಂದು ಬಗೆಯ ಸುಟ್ಟಗಾಯವೇ ಆದ್ದರಿಂದ ಅಲ್ಲಿಂದ ಎರಡರಿಂದ ನಾಲ್ಕು ವಾರ ತೆಳುವಾದ ದ್ರವ ಒಸರುವುದು ಸಹಜ. ಇದನ್ನು ಯಾರೂ ಹೇಳದ ಕಾರಣ ನಾನು ಮತ್ತೆ ಸೋಂಕಾಯಿತೆಂದು ಹೆದರಿ ಹತ್ತನೆಯ ದಿನ ವೃಥಾ ಓಡಿದೆ. ಒಸರುವಿಕೆಯ ಜೊತೆಗೆ ನೋವು, ಊತ, ಕೆಂಪು ದಿನೇ ದಿನೇ ಹೆಚ್ಚಿದರೆ ಮಾತ್ರ ಗಾಬರಿಪಡಬೇಕಂತೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಬಹುದಿತ್ತು. ಡ್ರೆಸಿಂಗ್ ಎಷ್ಟು ದಿನ ಬೇಕಾಗುತ್ತದೆ ಎಂಬುದನ್ನೂ ನಾನೇ ಕೇಳಿ ತಿಳಿದುಕೊಳ್ಳಬೇಕಾಯಿತು.

ಉಗುರು ಈಗ ತುಸು ಕಿರಿದಾಗಿದೆ, ಗಮನವಿಟ್ಟು ನೋಡಿದವರಿಗಷ್ಟೇ ತಿಳಿಯುವಂತೆ. ಎಡಗಾಲಿನ ಉಗುರೂ ಇದೇ ದಾರಿ ಹಿಡಿದರೆ ಅದೇ ಚಿಕಿತ್ಸಾಲಯಕ್ಕೆ ಹೋಗುತ್ತೇನೆ, ಗಾಜ್ ಪಟ್ಟಿಗಳನ್ನು ಮೊದಲೇ ತಂದಿಟ್ಟುಕೊಂಡು.